ಡೆಟ್ರಾಯ್ಟ್, ಮೆಂಫಿಸ್, ಷಿಕಾಗೊ: ಮೊದಲು ಯಾವುದನ್ನು ಕೇಳಿಸಬೇಕು?

ಅಮೆರಿಕದ ಕರಿಯರ ಹಳೆಯ ಸಂಗೀತ, ಅಂದರೆ ಸೋಲ್, ಬ್ಲೂಸ್, ಫಂಕ್, ನನಗೆ ಪ್ರಾಣ. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳಿದ್ದೇನೆ. ಮನೆಯವರಿಗೂ ಈ ರುಚಿ ಹತ್ತಬೇಕು ಅನ್ನೋದು ಹಳೆಯ ಆಸೆ. ಸುಮ್ನೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಆಗೋದಿಲ್ಲ, ಅದನ್ನು ಬೇಕಾದಷ್ಟು ಸಲ ಮಾಡಿ ನೋಡಿದ್ದೇನೆ. ಹಾಗಾಗಿ ಈ ಸಲ ಮೂರು ಭಾನುವಾರ ಸಂಜೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದೆ. ಒಂದೊಂದು ವಾರ ಒಂದೊಂದು ಊರಿನ ಹಾಡು. ವಾರಕ್ಕೆ ಆರೇ ಹಾಡು. ಹಾಡಿಗೆ ಮುಂಚೆ ಭಾಷಣ ಇಲ್ಲ, ಕಥೆ ಏನಿದ್ದರೂ ಆಮೇಲೆ.

ಕೇಳಿದವರು ಇವರು: ಹಾವೇರಿ ಕಡೆಯ ತವರಿನಲ್ಲಿ ತತ್ವಪದ ಕೇಳಿಕೊಂಡು ಬೆಳೆದ ಅಮ್ಮ. ವರ್ಣದ ತನಕ ಸಂಗೀತ ಕಲಿತ ಅಕ್ಕ. ರಾಜ್‌ಕುಮಾರ್ ಹಾಡು ಬಿಟ್ಟರೆ ಬೇರೇನೂ ಬೇಡ ಅನ್ನುವ ಭಾವ. ಅವರ ಒಂಬತ್ತು ವರ್ಷದ ಮಗಳು. ಜೊತೆಗೆ ಮೃದಂಗ ನುಡಿಸುವ ನನ್ನೊಬ್ಬ ಗೆಳೆಯ.

ಮೊದಲ ವಾರ ಡೆಟ್ರಾಯ್ಟ್, ಅಂದರೆ ಮೋಟೌನ್. ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರ ಹತ್ತಿರ 800 ಡಾಲರ್ ಸಾಲ ತೆಗೆದುಕೊಂಡು ಶುರು ಮಾಡಿದ ರೆಕಾರ್ಡ್ ಕಂಪನಿ. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ ಒಂದು ಮನೆಯೇ ಆಫೀಸು, ಅದರ ಗ್ಯಾರೇಜೇ ಸ್ಟುಡಿಯೊ. ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್' ಹಾಕಿದೆ. ಮೊದಲು ಬಾಸ್ ಅನ್ನೋ ತಗ್ಗು ದನಿಯ ಗಿಟಾರ್, ಎದೆಬಡಿತದ ಹಾಗೆ. ಆಮೇಲೆ ಗಿಟಾರ್ ಮೆಟ್ಟಿಲು ಹತ್ತುತ್ತದೆ. ಅಕ್ಕ ತಕ್ಷಣ ಕೈ ಎತ್ತಿದಳು. "ಸ ರಿ ಗ ಪ ದ ಸ... ಮೋಹನ ಕಣೋ ಇದು!" ನಿಜವೇ, ಆ ಗಿಟಾರ್ ಹತ್ತುವುದು ಮೋಹನ ರಾಗದ ಆರೋಹಣವನ್ನೇ. ಇಷ್ಟು ವರ್ಷ ಕೇಳಿದ ನನಗೆ ಅದು ಹೊಳೆದೇ ಇರಲಿಲ್ಲ.

ಮಗು ಕುಣಿದದ್ದು ಸ್ಟೀವಿ ವಂಡರ್‌ನ 'ಅಪ್‌ಟೈಟ್'ಗೆ. 1965ರಲ್ಲಿ ಅದು ಬಂದಾಗ ಅವನಿಗೆ ಹದಿನೈದೇ ವರ್ಷ ಅಂದಾಗ ಅವಳು ನಂಬಲೇ ಇಲ್ಲ.

ಮೋಟೌನ್‌ಗೆ ಒಂದು ದೊಡ್ಡ ಅನುಕೂಲ ಇದೆ. ಸಣ್ಣ ಸ್ಪೀಕರಿನಲ್ಲೂ ಅದು ಚೆನ್ನಾಗಿ ಕೇಳುತ್ತದೆ. ಕಾರ್ ರೇಡಿಯೊದಲ್ಲಿ ಹೇಗೆ ಬರುತ್ತದೆ ಅಂತ ನೋಡಿಯೇ ಮಿಕ್ಸ್ ಮಾಡುತ್ತಿದ್ದರು. ಫೋನಿನಲ್ಲಿ ಹಾಕಿ ನೋಡಿದೆ. ಹಾಡು, ಟ್ಯಾಂಬೊರಿನ್ ಎಲ್ಲ ಸ್ಪಷ್ಟ. ಆದರೆ ಜೇಮ್ಸ್ ಜೇಮರ್ಸನ್‌ನ ಬಾಸ್ ಅರ್ಧಕ್ಕರ್ಧ ಮಾಯ, ಅದು ನನಗೆ ಸಹಿಸಲಾಗದ ನಷ್ಟ. ಬಲಗೈಯ ತೋರುಬೆರಳು ಒಂದರಲ್ಲೇ ಆತ ಅಷ್ಟೆಲ್ಲ ನುಡಿಸಿದ್ದು. ಅರವತ್ತರ ದಶಕ ಪೂರ್ತಿ ವಾದ್ಯ ನುಡಿಸುವ ಇಂಥವರ ಹೆಸರು ಮೋಟೌನ್ ರೆಕಾರ್ಡಿನ ಕವರ್ ಮೇಲೆ ಇರುತ್ತಿರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇಯ ಆಲ್ಬಂನಲ್ಲಿ ಕೊನೆಗೂ ಬಂತು. ಈ ಮಾತು ಹೇಳುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಅಂತೂ ಆ ಸಂಜೆ ಎಲ್ಲರಿಗೂ ಖುಷಿಯಾಯಿತು. ಆದರೆ ಮೂರನೇ ಹಾಡಿಗೆ ಕಾಫಿ ಬಂತು, ನಾಲ್ಕನೇ ಹಾಡಿಗೆ ಅಕ್ಕ ಮತ್ತು ಅಮ್ಮ ಮದುವೆಮನೆ ವಿಷಯಕ್ಕೆ ಇಳಿದರು. ಹಾಡು ಹಿನ್ನೆಲೆಗೆ ಸರಿಯಿತು. ಅಷ್ಟು ನುಣುಪಾಗಿರುವುದರಿಂದ ಅದರ ಜೊತೆ ಮಾತಾಡಬಹುದು, ಅದೇ ತೊಂದರೆ.

ಎರಡನೇ ವಾರ ಮೆಂಫಿಸ್, ಅಂದರೆ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿ. ಎಸ್ಟೆಲ್ ಆಕ್ಸ್‌ಟನ್ ಮತ್ತು ಜಿಮ್ ಸ್ಟೂವರ್ಟ್ ಅಕ್ಕ-ತಮ್ಮ. ಇಬ್ಬರ ಅಡ್ಡಹೆಸರಿನ (Stewart, Axton) ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ ಸೇರಿಸಿ ಸ್ಟ್ಯಾಕ್ಸ್ (Stax) ಆಯಿತು. ಹಳೆಯ ಟಾಕೀಸೊಂದನ್ನು ಬಾಡಿಗೆಗೆ ಹಿಡಿದು ಅದನ್ನೇ ಸ್ಟುಡಿಯೊ ಮಾಡಿದರು. ಕುರ್ಚಿ ಕಿತ್ತರು, ಇಳಿಜಾರು ನೆಲ ಹಾಗೇ ಉಳಿಯಿತು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಎಸ್ಟೆಲ್ ರೆಕಾರ್ಡ್ ಅಂಗಡಿ ಇಟ್ಟರು. ಹೊಸ ಹಾಡು ತಯಾರಾದಾಗ ಅಂಗಡಿಗೆ ಬಂದ ಬೀದಿ ಹುಡುಗರಿಗೆ ಹಾಕಿ, ಅವರ ಮುಖ ನೋಡುತ್ತಿದ್ದರಂತೆ. ನಾನು ಹಾಲ್‌ನಲ್ಲಿ ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ?

'ಗ್ರೀನ್ ಆನಿಯನ್ಸ್'ಗೆ ಗೆಳೆಯ ಮಾತ್ರ ತಲೆದೂಗಿದ. 1962ರಲ್ಲಿ ಆರ್ಗನ್ ನುಡಿಸಿದ ಬುಕರ್ ಟಿ. ಜೋನ್ಸ್‌ಗೆ ಆಗ ಹದಿನೇಳು ವರ್ಷ. ಅವನ ತಂಡದಲ್ಲಿ ಕರಿಯರು, ಬಿಳಿಯರು ಎರಡೂ ಕಡೆಯವರಿದ್ದರು. ಆ ಕಾಲದ ಮೆಂಫಿಸ್‌ನಲ್ಲಿ ಹೊರಗೆ ಒಟ್ಟಿಗೆ ಕೂತು ಊಟ ಮಾಡುವುದೇ ಕಷ್ಟವಿತ್ತು, ಒಳಗೆ ಒಟ್ಟಿಗೆ ಸಂಗೀತ ಕಟ್ಟುತ್ತಿದ್ದರು.

ಆಮೇಲೆ ಓಟಿಸ್ ರೆಡ್ಡಿಂಗ್. 'ಟ್ರೈ ಎ ಲಿಟ್ಲ್ ಟೆಂಡರ್ನೆಸ್', 1966ರದು. ಕಹಳೆಗಳು ಮೆಲ್ಲಗೆ ಬಾಗಿಲು ತೆರೆಯುತ್ತವೆ. ಓಟಿಸ್ ಪಕ್ಕದಲ್ಲಿ ಕೂತು ಸಮಾಧಾನ ಹೇಳುವ ಹಾಗೆ ಹಾಡುತ್ತಾನೆ. ಸ್ವಲ್ಪ ಹೊತ್ತಿಗೆ ಡ್ರಮ್ಮಿನ ಅಂಚಿನ ಮೇಲೆ ಟಕ್ ಟಕ್ ಟಕ್, ಗಡಿಯಾರದ ಹಾಗೆ. ಅದು ಅಲ್ ಜಾಕ್ಸನ್. ಬೇರೆ ಏನನ್ನೂ ಬಾರಿಸುವುದಿಲ್ಲ, ಕಾಯಿಸುತ್ತಾನೆ. ಮೂರು ನಿಮಿಷ ದಾಟುವ ಹೊತ್ತಿಗೆ ಇಡೀ ತಂಡ ಓಡುತ್ತಿದೆ, ಓಟಿಸ್ ಬಾಯಲ್ಲಿ ಮಾತು ಮುರಿದು ಬರೀ ಕೂಗು ಉಳಿದಿದೆ. ಸೋಫಾಕ್ಕೆ ಒರಗಿದ್ದ ಭಾವ ಎದ್ದು ಕೂತರು. ಹಾಡು ಮುಗಿದಾಗ ಯಾರೂ ಮಾತಾಡಲಿಲ್ಲ. ಭಾವ ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ ಹಾಕೋ."

ಕೊನೆಗೆ 'ಡಾಕ್ ಆಫ್ ದ ಬೇ' ಹಾಕಿದೆ. ಕೇಳಿ ಆದ ಮೇಲೆ ವಿಷಯ ಹೇಳಿದೆ. ಈ ಹಾಡನ್ನು ಹಾಡಿ ಮುಗಿಸಿದ ಕೆಲವೇ ದಿನಕ್ಕೆ, 1967ರ ಡಿಸೆಂಬರ್ 10ರಂದು, ವಿಸ್ಕಾನ್ಸಿನ್‌ನ ಸರೋವರದಲ್ಲಿ ವಿಮಾನ ಬಿದ್ದು ಓಟಿಸ್ ತೀರಿಕೊಂಡ. ವಯಸ್ಸು 26. ಅಲೆಯ ಸದ್ದು, ಕಡಲ ಹಕ್ಕಿಯ ಕೂಗನ್ನು ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಆಮೇಲೆ ಸೇರಿಸಿದ. ಅಕ್ಕ ಕೊನೆಯ ಆ ಸಿಳ್ಳೆಯನ್ನು ಮತ್ತೆ ಕೇಳಬೇಕು ಅಂದಳು. ಕೇಳುತ್ತಾ ಕಣ್ಣೊರೆಸಿಕೊಂಡಳು.

ಒಂದು ಎಚ್ಚರಿಕೆ. ಆ ಕಾಲದ ಕೆಲವು ಸ್ಟೀರಿಯೊ ಮಿಕ್ಸ್‌ಗಳಲ್ಲಿ ಹಾಡು ಒಂದು ಕಡೆ, ಡ್ರಮ್ ಇನ್ನೊಂದು ಕಡೆ ಸಿಡಿದು ಹೋಗಿರುತ್ತದೆ. ಅರವತ್ತರ ದಶಕದ ಹಾಡಿಗೆ ಮೊನೊ, ಅಂದರೆ ಎಡ-ಬಲ ಅಂತ ಬೇರೆ ಮಾಡದ ಮಿಕ್ಸ್, ಸಿಕ್ಕಿದರೆ ಅದನ್ನೇ ಹಾಕಿ. ಎಲ್ಲರೂ ಒಂದೇ ಮುಷ್ಟಿಯಾಗಿ ಎದೆಗೆ ಬಡಿಯುತ್ತಾರೆ.

ಮೂರನೇ ವಾರ ಷಿಕಾಗೊ, ಅಂದರೆ ಬ್ಲೂಸ್. ಬೇರು ತೋರಿಸಬೇಕು ಅಂತ ಮೊದಲು ರಾಬರ್ಟ್ ಜಾನ್ಸನ್‌ನ 1936ರ ಹಾಡು ಹಾಕಿದೆ. ಅದು ತಪ್ಪು ಆಯ್ಕೆ. ಹಳೆಯ ತಟ್ಟೆಯ ಚರಚರ ಸದ್ದಿನ ಹಿಂದೆ ಗಿಟಾರ್ ಹುಡುಕಲು ಹೊಸಬರಿಗೆ ತಾಳ್ಮೆ ಇರುವುದಿಲ್ಲ. ಭಾವ ಫೋನ್ ತೆಗೆದರು. ಮಿಸಿಸಿಪಿಯ ಹತ್ತಿ ಹೊಲ ಬಿಟ್ಟು 1943ರಲ್ಲಿ ಷಿಕಾಗೊಗೆ ಬಂದ ಮಡ್ಡಿ ವಾಟರ್ಸ್ ಸ್ವಲ್ಪ ವಾಸಿ. ಪೇಟೆಯ ಗದ್ದಲದಲ್ಲಿ ಕೇಳಿಸಲಿ ಅಂತ ಎಲೆಕ್ಟ್ರಿಕ್ ಗಿಟಾರ್ ಹಿಡಿದವನು, ಆ ಗದ್ದಲ ನಮ್ಮ ಮನೆಯಲ್ಲೂ ಇತ್ತಲ್ಲ.

ಆಮೇಲೆ ಊರು ಬದಲಾದರೂ ಪರವಾಗಿಲ್ಲ ಅಂತ ಜಾನ್ ಲೀ ಹೂಕರ್ ಹಾಕಿದೆ. 1948ರಲ್ಲಿ ಡೆಟ್ರಾಯ್ಟ್‌ನಲ್ಲಿ ಆದ 'ಬೂಗಿ ಚಿಲ್ಲನ್'. ಒಬ್ಬನೇ ಮನುಷ್ಯ, ಒಂದು ಗಿಟಾರ್, ನೆಲಕ್ಕೆ ಬಡಿಯುವ ಪಾದ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಬದಲಾಗುವುದೇ ಇಲ್ಲ, ಶ್ರುತಿ ಹಿಡಿದ ಹಾಗೆ ಒಂದರಲ್ಲೇ ನಿಂತಿರುತ್ತದೆ. ಅಡುಗೆಮನೆಗೆ ಹೋಗಿದ್ದ ಅಮ್ಮ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. "ಕಾಲಿಲೇ ತಾಳ ಹಾಕಾಕತ್ತಾನಲ್ಲೋ ಇಂವ!" ಅಂದರು. ಅವರ ಊರಿನಲ್ಲಿ ಏಕತಾರಿ ಹಿಡಿದು ಶರೀಫರ ಪದ ಹಾಡುತ್ತಿದ್ದವರ ನೆನಪಾಯಿತಂತೆ. ಪೂರ್ತಿ ಮುಗಿಯುವ ತನಕ ಕೂರಲೂ ಇಲ್ಲ, ನಿಂತೇ ಕೇಳಿದರು. ಎಲ್ಲಕ್ಕಿಂತ ಕಷ್ಟ ಅಂದುಕೊಂಡಿದ್ದ ಹಾಡನ್ನು ಎಲ್ಲರಿಗಿಂತ ಹಿರಿಯರು ಹಿಡಿದುಕೊಂಡರು.

ಗೆಳೆಯನಿಗೆ ಅಂತ ಕೊನೆಗೆ ಜೇಮ್ಸ್ ಬ್ರೌನ್‌ನ 'ಕೋಲ್ಡ್ ಸ್ವೆಟ್', 1967. ಫಂಕ್ ಶುರುವಾದ ಜಾಗಗಳಲ್ಲಿ ಇದೊಂದು. ಬ್ರೌನ್‌ಗೆ ಮೊದಲ ಏಟೇ ಎಲ್ಲ. ಯಾರು ಎಲ್ಲಿಗಾದರೂ ಹೋಗಲಿ, ಒಂದಕ್ಕೆ ಬಂದು ಕೂಡಬೇಕು. ಗೆಳೆಯ ತೊಡೆ ಮೇಲೆ ಆದಿತಾಳ ಹಾಕಿಕೊಂಡೇ ಕೇಳಿದ. ನಡುವೆ ಬ್ರೌನ್ ಉಳಿದವರನ್ನು ನಿಲ್ಲಿಸಿ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್‌ಗೆ ಜಾಗ ಬಿಡುತ್ತಾನೆ. "ತನಿ ಬಿಟ್ಟರು!" ಅಂತ ಗೆಳೆಯ ಜೋರಾಗಿ ನಕ್ಕ.

ಹಾಗಾದರೆ ಮೊದಲು ಯಾವುದು? ಯಾರು ಕೂತಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಮೆಂಫಿಸ್, ಅದರಲ್ಲೂ ಓಟಿಸ್. ಅದರಲ್ಲಿ ಖಾಲಿ ಜಾಗ ಜಾಸ್ತಿ, ಕೇಳುವವರು ಒಳಗೆ ಬಂದು ಕೂರಬಹುದು. ಮನೆಯಲ್ಲಿ ಮಕ್ಕಳಿದ್ದರೆ ಮೋಟೌನ್. ತಾಳ ಬಲ್ಲವರಿದ್ದರೆ ನೇರ ಜೇಮ್ಸ್ ಬ್ರೌನ್. ರಾಬರ್ಟ್ ಜಾನ್ಸನ್ ನನಗೆ ಎಷ್ಟೇ ದೊಡ್ಡವನಾದರೂ ಹತ್ತನೇ ವಾರಕ್ಕೆ ಇಡುತ್ತೇನೆ. ತತ್ವಪದ ಕೇಳಿ ಬೆಳೆದ ಅಮ್ಮಂದಿರಿದ್ದರೆ ಮಾತ್ರ ಯಾವ ಕ್ರಮವನ್ನೂ ನೋಡಬೇಡಿ, ಹೂಕರ್ ಹಾಕಿಬಿಡಿ.

ಭಾವ ಈಗ ಪೆನ್‌ಡ್ರೈವ್ ಕೊಟ್ಟಿದ್ದಾರೆ, ಕಾರಿಗೆ. ರಾಜ್‌ಕುಮಾರ್ ಹಾಡುಗಳನ್ನು ಅಳಿಸಬಾರದು, ಓಟಿಸ್ ಅದರ ಕೆಳಗೆ ಬರಲಿ ಅಂತ ಹೇಳಿದ್ದಾರೆ. ನಾಲ್ಕನೇ ಭಾನುವಾರಕ್ಕೆ ಅಮ್ಮನ ಬೇಡಿಕೆ ಒಂದೇ: ಆ ಕಾಲು ಬಡಿಯುವವನದು ಇನ್ನೂ ನಾಲ್ಕು.