ಮುಂಬೈ ಮಳೆಗಾಲಕ್ಕೆ ಬೀಜ ಇಡುವುದು: ಬೂದಿಯೋ, ಸಿಲಿಕಾ ಜೆಲ್ಲೋ, ಫ್ರಿಜ್ಜೋ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಅಲಸಂಡೆ, ಹರಿವೆ, ಊರಿಂದ ತಂದ ಗುಳ್ಳ ಬದನೆ ಎಲ್ಲಾ ಚೆನ್ನಾಗಿಯೇ ಬರುತ್ತವೆ. ಕಷ್ಟ ಇರುವುದು ಅವುಗಳ ಬೀಜವನ್ನು ಜೂನ್‌ನಿಂದ ಸೆಪ್ಟೆಂಬರ್ ದಾಟಿಸುವುದರಲ್ಲಿ. ಆಗ ಇಲ್ಲಿನ ಗಾಳಿಯ ತೇವಾಂಶ ಹೆಚ್ಚಿನ ದಿನ ಶೇ. 80ರ ಮೇಲೆಯೇ. ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಬೀಜದ ಪಾಡೇನು? ಅದಕ್ಕೇ ಒಂದೇ ಬೆಳೆಯ ಬೀಜವನ್ನು ಪಾಲು ಮಾಡಿ ಮೂರು ಬಗೆಯಲ್ಲಿ ಇಟ್ಟು ನೋಡಿದೆ.

ಬೂದಿ ಊರಿನ ಬಚ್ಚಲೊಲೆಯದು, ಅಮ್ಮ ಜರಡಿ ಹಿಡಿದು ಕಟ್ಟಿಕೊಟ್ಟದ್ದು. ಬೀಜದಷ್ಟೇ ಅಳತೆಯ ಒಣ ಬೂದಿ ಬೆರೆಸಿ, ಬೀಜ ಕಾಣದ ಹಾಗೆ ಮೇಲೊಂದು ಪದರ ಹಾಕಬೇಕು. ಅಲಸಂಡೆಗೆ ಇದನ್ನು ಮೀರಿಸಿದ್ದು ನನಗೆ ಸಿಗಲಿಲ್ಲ. ಅಲಸಂಡೆಯ ಹುಳು ಎಷ್ಟೋ ಸಲ ಡಬ್ಬಿಗೆ ಹೊರಗಿಂದ ಬರುವುದಲ್ಲ, ಕೋಡು ಗಿಡದಲ್ಲಿರುವಾಗಲೇ ಮೊಟ್ಟೆ ಇಟ್ಟಿರುತ್ತದೆ. ಬೀಜದ ಮೇಲೆ ಅಂಟಿದ ಬಿಳಿ ಚುಕ್ಕಿ ಆ ಮೊಟ್ಟೆ. ಗುಂಡಗಿನ ತೂತು ಕಂಡರೆ ಹುಳು ಒಳಗೆಲ್ಲ ತಿಂದು ಹೊರಬಿದ್ದಾಯ್ತು ಅಂತ. ಬೂದಿ ಬೀಜದ ನಡುವಿನ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ, ಹೊರಬಂದ ಹುಳುವಿಗೆ ಓಡಾಡಿ ಜೊತೆ ಹುಡುಕಿ ಮತ್ತೆ ಮೊಟ್ಟೆ ಇಡಲು ದಾರಿಯೇ ಇರುವುದಿಲ್ಲ. ಹರಿವೆಯಂಥ ಸಣ್ಣ ಬೀಜಕ್ಕೆ ಮಾತ್ರ ಬೂದಿ ಬೇಡವೇ ಬೇಡ, ಆಮೇಲೆ ಬೇರ್ಪಡಿಸುವುದು ದೊಡ್ಡ ಕೆಲಸ.

ಬದನೆ, ಹರಿವೆಗೆ ಸಿಲಿಕಾ ಜೆಲ್ಲೇ (ತೇವ ಹೀರುವ ಸಣ್ಣ ಮಣಿಗಳು) ಗೆದ್ದಿತು. ಬೀಜವನ್ನು ನೆರಳಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಅಷ್ಟೇ ತೂಕದ ಜೆಲ್ ಜೊತೆ ಒಂದು ವಾರ ಬಿಟ್ಟರೆ ಸಾಕು. ನೀಲಿ ಮಣಿ ನೀರು ಹೀರಿ ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ರಾಸಾಯನಿಕ ಇರುವುದರಿಂದ ಅಡುಗೆ ಪಾತ್ರೆಗೆ ತಾಗಿಸಬೇಡಿ. ನಾನು ಕಿತ್ತಳೆ ಬಣ್ಣದ್ದು ತರುತ್ತೇನೆ. ಜೆಲ್ ಸಿಗದಿದ್ದರೆ ಅಕ್ಕಿಯನ್ನು ಕೆಂಪಗೆ ಹುರಿದು, ಮುಚ್ಚಿಟ್ಟು ಆರಿಸಿ ಬಟ್ಟೆಯಲ್ಲಿ ಕಟ್ಟಿ ಹಾಕಿ, ನಿಧಾನವಾದರೂ ಕೆಲಸ ಮಾಡುತ್ತದೆ. ಬೀಜದ ತೇವಾಂಶ ಶೇ. 1ರಷ್ಟು ಇಳಿದರೆ ಬಾಳಿಕೆ ಸುಮಾರು ಎರಡರಷ್ಟು ಅಂತ ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಲೆಕ್ಕವಿದೆ. ಇಡುವ ಜಾಗ 5 ಡಿಗ್ರಿ ತಂಪಾದರೂ ಅಷ್ಟೇ ಲಾಭ.

ಹಾಗಾದರೆ ಸುಮ್ನೆ ಫ್ರಿಜ್ಜಲ್ಲಿಟ್ಟರೆ ಮುಗೀತಲ್ವಾ? ಇಲ್ಲ. ಕಾಗದದ ಪೊಟ್ಟಣದಲ್ಲಿ ಹಾಗೇ ಫ್ರಿಜ್ಜಿಗೆ ಹೋದ ಪಾಲೇ ಮೂರರಲ್ಲೂ ಕಡೆಯದು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ನೋಡಿದಾಗ ಅದರಲ್ಲಿ ಅರ್ಧವೂ ಏಳಲಿಲ್ಲ. ಒಳಗಿನ ತೇವ ಕಾಗದ ದಾಟಿ ಬೀಜಕ್ಕೆ ಇಳಿಯುತ್ತದೆ. ಮೊದಲು ಜೆಲ್ಲಲ್ಲಿ ಒಣಗಿಸಿ, ಬಾಟಲಿ ಬಿಗಿಮಾಡಿ, ಆಮೇಲೆ ಒಳಗಿಟ್ಟರೆ ಮಾತ್ರ ಫ್ರಿಜ್ ಅಪ್ಪಟ ಉಪಕಾರಿ.

ಈಗ ನಮ್ಮಲ್ಲಿ ಅಲಸಂಡೆ, ಅವರೆ ಬೂದಿಯಲ್ಲಿ. ಉಳಿದವೆಲ್ಲ ಜೆಲ್ ಮುಗಿಸಿ ಫ್ರಿಜ್ಜಿಗೆ. ಬಿತ್ತುವ ದಿನ ಬಾಟಲಿ ಹೊರಗೆ ತಂದ ಕೂಡಲೇ ಮುಚ್ಚಳ ತೆಗೆಯಬೇಡಿ, ತಂಪು ಬೀಜದ ಮೇಲೆ ಮುಂಬೈ ಗಾಳಿಯ ನೀರೆಲ್ಲ ಬಂದು ಕೂರುತ್ತದೆ. ಬಾಟಲಿ ಕೈಗೆ ತಣ್ಣಗೆ ಹತ್ತದಷ್ಟು ಹೊತ್ತು ಕಾದು ಆಮೇಲೆ ತೆಗೆಯಿರಿ.