ಮನೆಗೇ ಬಂದು ಮಾಡೋ ಹಾರ್ಟ್ ಚೆಕಪ್ ಪ್ಯಾಕೇಜ್: 5ಕ್ಕೆ 2 ಸ್ಟಾರ್, ಎದೆನೋವು ಇರೋರಿಗೆ ಬೇಡ್ವೇ ಬೇಡ

2025ರ ಜೂನ್ ಜುಲೈನಲ್ಲಿ ಹಾಸನದಲ್ಲಿ ಚಿಕ್ಕ ವಯಸ್ಸಿನವ್ರು ಹಾರ್ಟ್ ಅಟ್ಯಾಕ್ ಆಗಿ ಹೋದ್ರು ಅಂತ ದಿನಾ ಟಿವೀಲಿ ತೋರಿಸ್ತಿದ್ರಲ್ಲ, ಮೈಸೂರು ಜಯದೇವ ಹಾರ್ಟ್ ಆಸ್ಪತ್ರೆ ಮುಂದೆ ಜನ ಕ್ಯೂ ನಿಂತಿದ್ರು, ಈ ಸಾವುಗಳಿಗೆ ಕಾರಣ ಏನು ಅಂತ ನೋಡಕ್ಕೆ ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ರವೀಂದ್ರನಾಥ್ ಅವರ ಸಮಿತಿ ಮಾಡ್ತು, ಆ ಟೈಮಲ್ಲಿ ನಮ್ಮ ಮನೇಲೂ ಭಯ ಹಿಡಿದು ಅಮ್ಮ ಹಟ ಮಾಡಿ ತಮ್ಮನಿಗೆ ಈ ಪ್ಯಾಕೇಜ್ ಬುಕ್ ಮಾಡ್ಸಿದ್ರು. ಲ್ಯಾಬ್ ಹೆಸರು ಹಾಕಲ್ಲ, ಯಾಕಂದ್ರೆ ಇಂಥ ಪ್ಯಾಕೇಜ್ ಮಾರೋರು ತುಂಬಾ ಜನ ಇದಾರೆ, ಒಳಗಿರೋ ಟೆಸ್ಟ್‌ಗಳೂ ಹೆಚ್ಚುಕಮ್ಮಿ ಒಂದೇ.

ಮೊದ್ಲು ಚೆನ್ನಾಗಿರೋದು ಹೇಳ್ತೀನಿ. ಹುಡುಗ ಹೇಳಿದ ಟೈಮಿಗೆ ಬಂದ, ಒಂದೇ ಸಲ ಚುಚ್ಚಿ ರಕ್ತ ತಗೊಂಡ, ಚಿಕ್ಕ ಮೆಷಿನ್ ತಂದು ಇಸಿಜಿನೂ ಮಾಡ್ದ, ಸಂಜೆಗೆ ವಾಟ್ಸಾಪಲ್ಲಿ ರಿಪೋರ್ಟ್. ಕೊಲೆಸ್ಟ್ರಾಲ್, ಮೂರು ತಿಂಗಳ ಶುಗರ್, ಥೈರಾಯ್ಡ್, ಕಿಡ್ನಿ, ಲಿವರ್ ಎಲ್ಲಾ ಇತ್ತು. ವಿಟಮಿನ್ ಡಿ ಬಿಟ್ರೆ ಎಲ್ಲಾ ಹಸಿರು ಬಣ್ಣದಲ್ಲಿ ನಾರ್ಮಲ್. ಅಮ್ಮಂಗೆ ನೆಮ್ಮದಿ ಆಯ್ತು.

ಅದಾಗಿ ಸ್ವಲ್ಪ ದಿನಕ್ಕೆ ತಮ್ಮನಿಗೆ ಆಫೀಸಲ್ಲಿ ಸುಮ್ನೆ ಕೂತಿದ್ದಾಗಲೇ ಎಡಗಡೆ ಎದೇಲಿ ಚುಚ್ಚಿದಂಗೆ ನೋವು ಬಂತು, ಉಸಿರು ಎಳ್ಕೊಂಡ್ರೆ ಇನ್ನೂ ಜಾಸ್ತಿ. ಪ್ಯಾಕೇಜ್ ಜೊತೆ ಡಾಕ್ಟರ್ ಕನ್ಸಲ್ಟೇಶನ್ ಫ್ರೀ ಇತ್ತಲ್ಲ ಅಂತ ಫೋನ್ ಮಾಡ್ದ. "ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ ಸರ್, ಗ್ಯಾಸ್ಟ್ರಿಕ್ ಇರತ್ತೆ, ಮಾತ್ರೆ ತಗೊಳಿ" ಅಂತ ಹೇಳಿ ಇಟ್ಬಿಟ್ರು. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಉಸಿರು ತಗೊಂಡಾಗ ನೋವು ಜಾಸ್ತಿ ಆಗತ್ತಾ, ಸಿಗರೇಟ್ ಸೇದ್ತೀರಾ, ಇತ್ತೀಚೆಗೆ ಜ್ವರ ಬಂದಿತ್ತಾ, ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದ್ರೆ ಇದೆಯಾ, ಒಂದು ಪ್ರಶ್ನೆನೂ ಕೇಳ್ಲಿಲ್ಲ.

ಪುಣ್ಯಕ್ಕೆ ಜೊತೇಲಿ ಕೆಲಸ ಮಾಡೋ ಹುಡುಗ ಮಾತ್ರೆ ಗೀತ್ರೆ ಬೇಡ ನಡಿ ಅಂತ ಹತ್ತಿರದ ಆಸ್ಪತ್ರೆ ಕ್ಯಾಶುವಲ್ಟಿಗೆ ಕರ್ಕೊಂಡ್ ಹೋದ. ಅಲ್ಲಿ ಮಲಗಿಸಿದ ತಕ್ಷಣ ಇಸಿಜಿ, ಬೆರಳಿಗೆ ಆಕ್ಸಿಜನ್ ಕ್ಲಿಪ್. ಆಮೇಲೆ ಡಾಕ್ಟರಮ್ಮ ಎರಡೂ ಕಡೆ ಸ್ಟೆತಸ್ಕೋಪ್ ಇಟ್ಟು ಕೇಳಿದ್ರು, ಎಡಗಡೆ ಉಸಿರಿನ ಸದ್ದು ಕಮ್ಮಿ, ಬೆರಳಲ್ಲಿ ತಟ್ಟಿ ನೋಡಿದ್ರೆ ಖಾಲಿ ಡಬ್ಬ ತಟ್ಟಿದಂಗೆ ಟೊಳ್ಳು ಸದ್ದು. ಎಕ್ಸ್‌ರೇ ತೆಗೆದಾಗ ಗೊತ್ತಾಯ್ತು, ಶ್ವಾಸಕೋಶದಿಂದ ಗಾಳಿ ಹೊರಗೆ ಸೋರಿ ಎದೆಗೂಡಲ್ಲಿ ತುಂಬ್ಕೊಂಡಿದೆ, ಶ್ವಾಸಕೋಶ ಕುಗ್ಗಿಹೋಗಿದೆ. ನ್ಯೂಮೋಥೊರಾಕ್ಸ್ ಅಂತಾರೆ. ಎತ್ತರಕ್ಕೆ ಸಣ್ಣಗೆ ಇರೋ ಗಂಡು ಹುಡುಗ್ರಿಗೆ, ಅದ್ರಲ್ಲೂ ಸಿಗರೇಟ್ ಸೇದೋರಿಗೆ ಇದು ಬರೋದು ಜಾಸ್ತಿಯಂತೆ, ನಮ್ಮವ್ನು ಆರಡಿ, ಸೇದ್ತಾನೆ ಬೇರೆ. ಪಕ್ಕೆಲುಬಿನ ಮಧ್ಯೆ ಟ್ಯೂಬ್ ಹಾಕಿ ಗಾಳಿ ತೆಗೆದ್ರು. ಗಾಳಿ ಸ್ವಲ್ಪವೇ ಇದ್ರೆ ಆಕ್ಸಿಜನ್ ಕೊಟ್ಟು ಗಮನಿಸ್ತಾರೆ, ಎಲ್ರಿಗೂ ಟ್ಯೂಬ್ ಬೇಕಾಗಲ್ಲ. ಮತ್ತೆ ಬರೋ ಚಾನ್ಸ್ ಇದೆ, ಸಿಗರೇಟ್ ಬಿಡ್ಲೇಬೇಕು, ಪೂರ್ತಿ ವಾಸಿ ಆಗೋವರೆಗೂ ವಿಮಾನ ಹತ್ತಬೇಡ ಅಂದ್ರು.

ಆ ಪ್ಯಾಕೇಜಲ್ಲಿ ಎದೆ ಎಕ್ಸ್‌ರೇನೇ ಇಲ್ಲ. ಇದ್ದಿದ್ರೂ ನೋವು ಬರೋ ಮುಂಚೆ ತೆಗೆದಿದ್ರೆ ಬಹುಶಃ ಏನೂ ಕಾಣ್ತಿರ್ಲಿಲ್ಲ. ಇಸಿಜಿನೂ ಅಷ್ಟೇ, ನೋವಿಲ್ಲದಾಗ ಮಾಡಿದ್ದು ನೋವಿರೋ ದಿನಕ್ಕೆ ಲೆಕ್ಕಕ್ಕೆ ಬರಲ್ಲ. ಹಾರ್ಟ್ ಅಟ್ಯಾಕ್ ಹೌದೋ ಅಲ್ವೋ ನೋಡಕ್ಕೆ ಟ್ರೋಪೋನಿನ್ ಅನ್ನೋ ರಕ್ತ ಪರೀಕ್ಷೆ ಮಾಡ್ತಾರೆ, ಅದು ನೋವು ಬಂದಾಗ ಮಾಡೋದು, ಕೆಲವು ಸಲ ಒಂದೆರಡು ಗಂಟೆ ಬಿಟ್ಟು ಇನ್ನೊಂದು ಸಲ ಮಾಡ್ಬೇಕಾಗತ್ತೆ. ಮನೆಗೆ ಬಂದು ರಕ್ತ ತಗೊಂಡು ಸಂಜೆ ರಿಪೋರ್ಟ್ ಕಳಿಸೋರ ಕೈಲಿ ಇದಾಗೋ ಕೆಲಸ ಅಲ್ಲ.

ಚಿಕ್ಕ ವಯಸ್ಸಲ್ಲಿ ಎದೆನೋವು ಅಂದ್ರೆ ಹೆಚ್ಚಿನ ಸಲ ಹಾರ್ಟ್ ಅಲ್ಲ ಅನ್ನೋದೂ ನಿಜ. ಜಿಮ್ಮಲ್ಲಿ ಸ್ನಾಯು ಎಳೆದಿರತ್ತೆ, ಪಕ್ಕೆಲುಬು ಎದೆಮೂಳೆಗೆ ಸೇರೋ ಜಾಗ ಊದಿರತ್ತೆ (ಒತ್ತಿದ್ರೆ ಅಲ್ಲೇ ನೋಯತ್ತೆ), ಹುಳಿತೇಗು ಎದೆಉರಿ ಇರತ್ತೆ, ಪ್ಯಾನಿಕ್ ಅಟ್ಯಾಕ್ ಆಗಿರತ್ತೆ. ಆದ್ರೆ ವೈರಲ್ ಜ್ವರ ಬಂದು ಹೋದ್ಮೇಲೆ ಹಾರ್ಟಿನ ಸ್ನಾಯುಗೋ ಸುತ್ತ ಇರೋ ಪೊರೆಗೋ ಉರಿಯೂತ ಬರಬಹುದು, ಪೊರೆದಾದ್ರೆ ಮಲಗಿದಾಗ ನೋವು ಜಾಸ್ತಿ, ಮುಂದೆ ಬಾಗಿ ಕೂತ್ರೆ ಕಮ್ಮಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಾಕೊಳ್ಳೋದೂ ಇದೆ, ಆಪರೇಷನ್ ಆದ್ಮೇಲೆ, ತುಂಬಾ ಹೊತ್ತು ಕೂತು ಪ್ರಯಾಣ ಮಾಡಿದ್ಮೇಲೆ, ಗರ್ಭನಿರೋಧಕ ಮಾತ್ರೆ ತಗೊಳ್ಳೋ ಹೆಣ್ಮಕ್ಕಳಿಗೆ ಇದ್ರ ಅಪಾಯ ಜಾಸ್ತಿ. ಆಟ ಆಡೋವಾಗ ಎದೆನೋವು ಬಂತು ಅಥವಾ ತಲೆ ಸುತ್ತಿ ಬಿದ್ರು ಅಂದ್ರೆ ಹಾರ್ಟಿನ ಸ್ನಾಯು ದಪ್ಪ ಆಗಿದೆಯಾ ಅಂತ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿ ನೋಡ್ಬೇಕು, ಈ ಪ್ಯಾಕೇಜಲ್ಲಿ ಎಕೋನೂ ಇಲ್ಲ. ಮತ್ತೆ ಸಿಗರೇಟ್, ಶುಗರ್, ಮನೆತನದಲ್ಲಿ ಬಂದಿರೋದು, ಇಂಥವು ಇದ್ರೆ 30ರ ಒಳಗೂ ನಿಜವಾದ ಅಟ್ಯಾಕ್ ಆಗತ್ತೆ.

ಇದ್ಯಾವುದೂ ಫೋನಲ್ಲಿ ಗೊತ್ತಾಗೋದಲ್ಲ. ದೊಡ್ಡ ಆಸ್ಪತ್ರೆ ದೂರ ಇದೆ ಅಂತ ಕಾಯ್ಬೇಡಿ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರೋ ತಾಲ್ಲೂಕು ಆಸ್ಪತ್ರೆಲಿ ಇಸಿಜಿ ಫ್ರೀ, ಅದನ್ನ ಹಾರ್ಟ್ ಸ್ಪೆಷಲಿಸ್ಟ್ ಇರೋ ಕಡೆಗೆ ಕಳಿಸಿ ಕೇಳ್ತಾರೆ, ಅಟ್ಯಾಕ್ ಅಂತ ಗೊತ್ತಾಗಿ ಅದಕ್ಕೆ ತಕ್ಕ ಕೇಸ್ ಆಗಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಅಲ್ಲೇ ಕೊಡ್ತಾರೆ, ಅದೂ ಫ್ರೀ.

ನಮ್ಮ ದೊಡ್ಡಪ್ಪನ ಮಗನೂ ಇದೇ ಪ್ಯಾಕೇಜ್ ತಗೋತೀನಿ ಅಂತಿದ್ದ. ಅವ್ನಿಗೆ ನೋವೇನಿಲ್ಲ, ಆದ್ರೆ ದೊಡ್ಡಪ್ಪಂಗೆ 45ಕ್ಕೇ ಸ್ಟೆಂಟ್ ಹಾಕಿದಾರೆ. ಅವ್ನಿಗೆ ಹೇಳಿದ್ದಿಷ್ಟು, ಬರೀ ಲಿಪಿಡ್ (ಕೊಲೆಸ್ಟ್ರಾಲ್), ಶುಗರ್ ಟೆಸ್ಟ್ ಬಿಡಿಯಾಗಿ ಮಾಡ್ಸು, ಪ್ಯಾಕೇಜಲ್ಲಿ ಇಲ್ಲದ ಲಿಪೊಪ್ರೋಟೀನ್(ಎ), ಅಂದ್ರೆ ಮನೆತನದಲ್ಲಿ ಬರೋ ಒಂಥರಾ ಕೊಲೆಸ್ಟ್ರಾಲಿನ ಟೆಸ್ಟ್, ಒಂದ್ಸಲ ಸೇರಿಸ್ಕೊ, ಬಿಪಿ ಚೆಕ್ ಮಾಡ್ಸು, ಆ ಚೀಟಿಗಳನ್ನ ತಗೊಂಡು ಒಬ್ರು ಡಾಕ್ಟರ್ ಮುಂದೆ ಹೋಗಿ ಕೂತ್ಕೊ. ಸೋಮವಾರ ಹೋಗ್ತಿದಾನೆ.