ಪಾಸ್ಕಲ್‌ನ ಪಂದ್ಯವೋ, ಪುನರುತ್ಥಾನದ ಸಾಕ್ಷಿಯೋ: ಮೊದಲು ಯಾವುದನ್ನು ಪರೀಕ್ಷಿಸಬೇಕು?

ನಾನು ನಾಸ್ತಿಕ. ಕ್ರೈಸ್ತ ಧರ್ಮದ ಪರವಾದ ವಾದಗಳನ್ನು ಗಂಭೀರವಾಗಿ ನೋಡಬೇಕು, ಆದರೆ ಎಲ್ಲಿಂದ ಶುರು ಮಾಡಲಿ ಅನ್ನುವವರಿಗಾಗಿ ಎರಡನ್ನು ಪಕ್ಕಪಕ್ಕ ಇಡುತ್ತೇನೆ.

ಪಾಸ್ಕಲ್‌ನದು ಬೇಗ ಮುಗಿಯುತ್ತದೆ. 17ನೇ ಶತಮಾನದ ಈ ಫ್ರೆಂಚ್ ಗಣಿತಜ್ಞ ಹೇಳಿದ್ದು ಇಷ್ಟು: ದೇವರಿದ್ದರೆ ನಂಬಿದವನಿಗೆ ಸಿಗುವ ಲಾಭಕ್ಕೆ ಮಿತಿಯಿಲ್ಲ, ಇಲ್ಲದಿದ್ದರೆ ನಷ್ಟ ಅಲ್ಪ. ಆದರೆ ಯಾವ ದೇವರು? ಇದೇ ಲೆಕ್ಕ ಇಸ್ಲಾಮಿಗೂ ಹೊಂದುತ್ತದೆ, ಅಲ್ವಾ? ಹೇಳಿದ್ದು ನಿಜವೇ ಅನ್ನುವ ಪ್ರಶ್ನೆಯನ್ನು ಈ ವಾದ ಮುಟ್ಟುವುದೇ ಇಲ್ಲ.

ಪುನರುತ್ಥಾನದ, ಅಂದರೆ ಯೇಸು ಸತ್ತು ಮತ್ತೆ ಎದ್ದುಬಂದ ಅನ್ನುವ ವಾದಕ್ಕೆ ತೂಕ ಜಾಸ್ತಿ. ಇಲ್ಲಿ ಓದಿ ನೋಡಲು ದಾಖಲೆ ಇದೆ. ಬೈಬಲಿನಲ್ಲಿ, ಆರಂಭಕಾಲದ ಕ್ರೈಸ್ತ ಪ್ರಚಾರಕ ಪೌಲ ಗ್ರೀಸಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೆಗೆಯಿರಿ. ಯೇಸು ಶಿಲುಬೆಯಲ್ಲಿ ಸತ್ತು ಸುಮಾರು 20-25 ವರ್ಷಕ್ಕೆ ಬರೆದದ್ದು. ಒಂದೇ ಸಲ 500ಕ್ಕೂ ಹೆಚ್ಚು ಜನರಿಗೆ ಯೇಸು ಕಾಣಿಸಿಕೊಂಡ ಅನ್ನುತ್ತಾನೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಆದರೆ ಅವರು ಯಾರು, ಎಲ್ಲಿ ಕಂಡರು? ಹೇಳುವುದಿಲ್ಲ. ಹೆಂಗಸರು ಕಂಡ ಖಾಲಿ ಸಮಾಧಿಯ ಸುದ್ದಿಯನ್ನೂ ಎತ್ತುವುದಿಲ್ಲ.

ಇನ್ನು ಯೇಸುವಿನ ಕಥೆ ಹೇಳುವ ಬೈಬಲ್ ಪುಸ್ತಕಗಳಲ್ಲೊಂದಾದ ಮಾರ್ಕನ ಸುವಾರ್ತೆ. ಬೈಬಲಿನ ಹಳೆಯ ಪ್ರತಿಗಳಾದ 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಅದು 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಹೆಂಗಸರು ಹೆದರಿ ಸಮಾಧಿಯಿಂದ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಎದ್ದುಬಂದ ಯೇಸು ಕಾಣಿಸಿಕೊಳ್ಳುವ ಮುಂದಿನ ವಚನಗಳು ಆಮೇಲೆ ಸೇರಿದವು ಅಂತ ಬಹುತೇಕ ವಿದ್ವಾಂಸರು, ಕ್ರೈಸ್ತ ವಿದ್ವಾಂಸರೂ ಸೇರಿ, ಒಪ್ಪುತ್ತಾರೆ. ನನ್ನ ಅನುಮಾನ ಗಟ್ಟಿಯಾಗುವುದು ಇಲ್ಲೇ.

ಸಮಯ ಕಡಿಮೆ ಇದ್ದರೆ ಪಾಸ್ಕಲ್‌ನನ್ನು ಬಿಡಿ. ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿ. ನಂಬಿಕೆಯುಳ್ಳ ಗೆಳೆಯರೊಬ್ಬರನ್ನು ಜೊತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.